ಗೃಹಭಂಡಾರಕ್ಕೆ ತಕ್ಕ ಭಂಡಾರಿ

ಸಾಮಾನ್ಯವಾದ ಒಂದು ಸಂಸಾರದಲ್ಲಿ ಈಗ ಎಷ್ಟು ಬಗೆಯ ಕಡತಗಳು ಎಷ್ಟು ಕಡೆಗಳಲ್ಲಿ ಚದರಿಕೊಂಡಿವೆಯೆಂಬುದನ್ನು ಎಣಿಸಹೊರಟವರಿಗೆ ಮೊದಲು ಆಶ್ಚರ್ಯವೂ ಅದರ ಬೆನ್ನಿಗೇ ಒಂದಿಷ್ಟು ಭೀತಿಯೂ ಉಂಟಾಗದಿರದು. ಮದುವೆ ಮುಂಜಿಗಳ ಛಾಯಾಚಿತ್ರಗಳು ಯಾರದೋ ಫೋನಿನಲ್ಲಿ, ಪಹಣಿ ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳು ಮೂಲೆಗೆ ಸೇರಿದ ಲ್ಯಾಪ್‌ಟಾಪಿನಲ್ಲಿ, ಗತಿಸಿದ ಹಿರಿಯರೊಬ್ಬರು ಹಾಡಿದ ಹಾಡಿನ ಧ್ವನಿಮುದ್ರಣ ಮೇಜಿನ ಖಾನೆಯೊಳಗಿನ ಪೆನ್‌ಡ್ರೈವಿನಲ್ಲಿ. ಇವೆಲ್ಲವನ್ನೂ ಒಂದೆಡೆ ಕೂಡಿಸಿ, ಮನೆಮಂದಿಯೆಲ್ಲರ ಕೈಗೂ ಎಟುಕುವಂತೆ, ರೂಟರಿನ ಪಕ್ಕದಲ್ಲಿ ಹಗಲಿರುಳೂ ಎಚ್ಚರವಾಗಿರುವ ಒಂದು ಕಂಪ್ಯೂಟರಿನ ವಶಕ್ಕೆ ಒಪ್ಪಿಸಿದರೆ ಅದೇ ಮನೆಯ ಫೈಲ್ ಸರ್ವರ್. ಇಂತಹುದೊಂದನ್ನು ಕಟ್ಟಿಕೊಳ್ಳುವ ಪ್ರಸಂಗ ಈಗ ಬಹುಮಂದಿಗೆ ಒದಗಿಬಂದಿರುವುದಕ್ಕೆ ಹೊರಗಿನ ಕಾರಣವೊಂದೂ ಉಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಪೋಷಣೆ ಮುಗಿದುಹೋಯಿತು; ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ರಕ್ಷಣಾಸಾಧನವಾಗಲಿ ಸಾಕಷ್ಟು ಹೊಸದಾದ ಪ್ರೊಸೆಸರ್ ಆಗಲಿ ಇಲ್ಲದ, ಬೇರೆಲ್ಲ ವಿಧದಲ್ಲಿಯೂ ಗಟ್ಟಿಮುಟ್ಟಾಗಿರುವ ಡೆಸ್ಕ್‌ಟಾಪುಗಳು ಮನೆಮನೆಯಲ್ಲಿಯೂ ನಿರುದ್ಯೋಗಿಗಳಾಗಿ ಕುಳಿತಿವೆ.

ಅವುಗಳಿಗೆ ಈ ಉದ್ಯೋಗವನ್ನು ಕೊಡುವುದರಲ್ಲಿ ಯಾವ ಅನೌಚಿತ್ಯವೂ ಇಲ್ಲ. ಏಕೆಂದರೆ ಕಡತ ಹಂಚುವ ಕೆಲಸ ತೋರಿಕೆಗಿಂತ ಬಹಳ ಹಗುರವಾದುದು. ಆಪರೇಟಿಂಗ್ ಸಿಸ್ಟಮ್ ಎಂಬುದು ಯಂತ್ರಕ್ಕೂ ಮಿಕ್ಕ ತಂತ್ರಾಂಶಗಳಿಗೂ ನಡುವೆ ನಿಂತು, ಡಿಸ್ಕಿನ ಯಾವ ಭಾಗದಲ್ಲಿ ಯಾವ ಕಡತದ ಯಾವ ತುಣುಕು ಇದೆಯೆಂಬ ಲೆಕ್ಕವನ್ನಿಟ್ಟು, ಕೇಳಬಂದವರಿಗೆ ಅಧಿಕಾರವುಂಟೇ ಎಂದು ವಿಚಾರಿಸಿ, ಬೇಕಾದುದನ್ನು ತೆಗೆದುಕೊಡುವ ಮೂಲತಂತ್ರಾಂಶ. ಹಳೆಯ ಸಂಸ್ಥಾನಗಳಲ್ಲಿ ಉಗ್ರಾಣದ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಭಂಡಾರಿಯ ಕೆಲಸವೇ ಇದರದೂ. ಮನೆಯ ಕಂಪ್ಯೂಟರುಗಳು ಈ ಭಂಡಾರಿಯೊಡನೆ ಆಡುವ ಭಾಷೆ ಸಾಮಾನ್ಯವಾಗಿ ಎಸ್‌ಎಂಬಿ. ಐಬಿಎಂ ಕಂಪೆನಿಯಲ್ಲಿ 1980ರ ದಶಕದಲ್ಲಿ ಹುಟ್ಟಿ, ಮೈಕ್ರೋಸಾಫ್ಟಿನ ಆಶ್ರಯದಲ್ಲಿ ಬೆಳೆದ ಈ ಭಾಷೆಯನ್ನು ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ, ಜಾಲದೊಳಗೆ ಹರಿಯುವ ಸಂದೇಶಗಳನ್ನು ಹೊರಗಿನಿಂದ ನೋಡಿ ನೋಡಿಯೇ ಅದರ ವ್ಯಾಕರಣವನ್ನು ಊಹಿಸಿ, ಅನ್ಯ ವ್ಯವಸ್ಥೆಗಳಿಗೂ ಕಲಿಸಿಕೊಟ್ಟರು. ಆ ಸಾಹಸದ ಫಲವಾದ ಸಾಂಬಾ ಎಂಬ ತಂತ್ರಾಂಶವೇ ಇಂದಿಗೂ ಲಿನಕ್ಸ್ ಪ್ರಭೃತಿ ಮುಕ್ತ ವ್ಯವಸ್ಥೆಗಳನ್ನು ವಿಂಡೋಸಿನ ಕಣ್ಣಿಗೆ ಮತ್ತೊಂದು ವಿಂಡೋಸಿನಂತೆ ಕಾಣಿಸುತ್ತಿದೆ. ಮನೆಯ ಗಿಗಾಬಿಟ್ ತಂತಿಯ ಮೇಲೆ ಸೆಕೆಂಡಿಗೆ 125 ಮೆಗಾಬೈಟಿಗಿಂತ ಹೆಚ್ಚು ಹರಿಯಲಾರದು, ವ್ಯವಹಾರದಲ್ಲಿ 110ರ ಆಸುಪಾಸು ದೊರೆತರೆ ಅದೇ ಭಾಗ್ಯ; ವೈಫೈ ಮೂಲಕವಾದರೆ ಬಹುಪಾಲು ಮನೆಗಳಲ್ಲಿ ಅದಕ್ಕಿಂತಲೂ ಕಡಮೆ. ಹತ್ತು ವರ್ಷ ಹಳೆಯ ಪ್ರೊಸೆಸರೂ ಇಷ್ಟನ್ನು ನಿರಾಯಾಸವಾಗಿ ನಿರ್ವಹಿಸಬಲ್ಲುದಾದುದರಿಂದ, ಯಾವ ವ್ಯವಸ್ಥೆ ಹೆಚ್ಚು ವೇಗವುಳ್ಳದ್ದು ಎಂಬ ಪ್ರಶ್ನೆಯನ್ನು ನಾವು ಆರಂಭದಲ್ಲಿಯೇ ಕೈಬಿಡಬಹುದು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಅದನ್ನು ಒಂದು ಚರಿತ್ರೆಯ ಮೂಲಕವೇ ಹೇಳುವುದು ಲೇಸು. 2007ರ ಜನವರಿಯಲ್ಲಿ ಲಾಸ್ ವೇಗಸ್ ನಗರದ ವಿದ್ಯುನ್ಮಾನ ಮೇಳದಲ್ಲಿ ಬಿಲ್ ಗೇಟ್ಸ್ ಅವರು ವಿಂಡೋಸ್ ಹೋಮ್ ಸರ್ವರ್ ಎಂಬ ಹೊಸ ವ್ಯವಸ್ಥೆಯನ್ನು ಲೋಕಕ್ಕೆ ಪರಿಚಯಿಸಿದರು. ನಮ್ಮ ಈಗಿನ ಉದ್ದೇಶಕ್ಕಾಗಿಯೇ ಹುಟ್ಟಿದ ವ್ಯವಸ್ಥೆ ಅದು. ಬೇರೆ ಬೇರೆ ಗಾತ್ರದ ಡಿಸ್ಕುಗಳನ್ನು ಒಂದೇ ಕಣಜವೆಂಬಂತೆ ತೋರಿಸುವ, ಮುಖ್ಯವಾದ ಕಡತಗಳನ್ನು ಎರಡು ಡಿಸ್ಕುಗಳಲ್ಲಿ ತಾನಾಗಿಯೇ ಇರಿಸುವ ಡ್ರೈವ್ ಎಕ್ಸ್‌ಟೆಂಡರ್ ಎಂಬ ಯುಕ್ತಿ ಅದರ ಕೀರ್ತಿಗೆ ಕಾರಣವಾಯಿತು. ಆದರೆ ಆ ವರ್ಷ ಮುಗಿಯುವುದರೊಳಗಾಗಿ, ಒಂದಕ್ಕಿಂತ ಹೆಚ್ಚು ಡಿಸ್ಕುಗಳಿದ್ದಾಗ ಕೆಲವು ತಂತ್ರಾಂಶಗಳಿಂದ ಸರ್ವರಿನೊಳಗೇ ಕಡತವನ್ನು ತಿದ್ದಿದರೆ ಆ ಕಡತ ಕೆಡಬಹುದೆಂಬ ದೋಷ ಬಯಲಾಯಿತು. ಪರಿಹಾರ ಬಂದದ್ದು 2008ರ ಜುಲೈಯಲ್ಲಿ. ಮುಂದಿನ 2011ರ ಆವೃತ್ತಿಯಲ್ಲಿ ಆ ಯುಕ್ತಿಯನ್ನೇ ಕಿತ್ತುಹಾಕಿದರು, ಅದಾದ ಮೇಲೆ ಉತ್ತರಾಧಿಕಾರಿಯಿಲ್ಲದೆ ಆ ವಂಶವೇ ನಿಂತುಹೋಯಿತು. ಲೋಕದ ಅತ್ಯಂತ ಸಂಪನ್ನವಾದ ತಂತ್ರಾಂಶ ಕಂಪೆನಿಯೊಂದು ಗೃಹಸ್ಥರಿಗಾಗಿಯೇ ರೂಪಿಸಿದ ವ್ಯವಸ್ಥೆಯ ಆಯುಷ್ಯ, ಅದರಲ್ಲಿಟ್ಟ ಮಗುವಿನ ನಾಮಕರಣದ ಚಿತ್ರಗಳ ಆಯುಷ್ಯಕ್ಕಿಂತ ಎಷ್ಟೋ ಕಡಮೆಯಾಯಿತೆಂಬುದನ್ನು ಗಮನಿಸತಕ್ಕದ್ದು. ಇಷ್ಟಾದರೂ ಆ ಮೊದಲ ಆವೃತ್ತಿಯನ್ನು ನಾನು ಪೂರ್ತಿಯಾಗಿ ಹಳಿಯಲಾರೆ. ಅದರ ಡಿಸ್ಕುಗಳಲ್ಲಿ ಕಡತಗಳು ಸಾಧಾರಣವಾದ ಎನ್‌ಟಿಎಫ್‌ಎಸ್ ರೂಪದಲ್ಲಿಯೇ ಇರುತ್ತಿದ್ದುದರಿಂದ, ಸರ್ವರ್ ಸತ್ತರೂ ಡಿಸ್ಕನ್ನು ಕಳಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದವರಿಗೆ ತಮ್ಮ ಸೊತ್ತು ಕೈಸೇರುತ್ತಿತ್ತು.

ಅಂತೂ ಭಂಡಾರಿಗಳು ಬರುತ್ತಾರೆ, ಹೋಗುತ್ತಾರೆ, ಭಂಡಾರ ಉಳಿಯಬೇಕು. ಆದಕಾರಣ ಮನೆಯ ಫೈಲ್ ಸರ್ವರಿಗೆ ವ್ಯವಸ್ಥೆಯನ್ನು ಆರಿಸುವಾಗ ಅದರೊಳಕ್ಕೆ ಪ್ರವೇಶಿಸುವುದು ಎಷ್ಟು ಸುಲಭವೆಂಬುದಕ್ಕಿಂತ, ಅದನ್ನು ಬಿಟ್ಟು ಹೊರಡಬೇಕಾದ ದಿನ ಹೊರಡುವುದು ಎಷ್ಟು ಸುಲಭವೆಂಬುದನ್ನೇ ಪ್ರಧಾನವಾಗಿ ವಿಚಾರಿಸಬೇಕೆಂಬುದು ನನ್ನ ಮತ. ಅಂಗಡಿಯವರಾಗಲಿ ಉತ್ಸಾಹಿಗಳಾಗಲಿ ಈ ಪ್ರಶ್ನೆಯನ್ನೆತ್ತುವುದು ವಿರಳ. ಅವರ ವರ್ಣನೆಯೆಲ್ಲ ಹೊಸ್ತಿಲು ದಾಟಿ ಒಳಬರುವ ವೈಭವವನ್ನು ಕುರಿತದ್ದು.

ಈ ದೃಷ್ಟಿಯಿಂದ ನೋಡಿದಾಗ ಇರುವ ವಿಂಡೋಸನ್ನೇ ಮುಂದುವರಿಸುವ ಯೋಚನೆ ಬೇಗ ಬಿದ್ದುಹೋಗುತ್ತದೆ. ಫೋಲ್ಡರನ್ನು ಹಂಚುವುದು ಅದರಲ್ಲಿ ಸುಲಭವೇನೋ ಹೌದು, ಆದರೆ ಪೋಷಣೆ ಮುಗಿದ ವ್ಯವಸ್ಥೆಯನ್ನು ಸದಾಕಾಲ ಜಾಲದಲ್ಲಿ ತೆರೆದಿಡುವುದು ವಿವೇಕವಲ್ಲ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಸುಲಿಗೆಯ ತಂತ್ರಾಂಶ ದೇಶದೇಶಗಳ ಕಂಪ್ಯೂಟರುಗಳನ್ನು ಹೊಕ್ಕಿದ್ದು ಎಸ್‌ಎಂಬಿಯ ಹಳೆಯ ಮೊದಲನೆಯ ಆವೃತ್ತಿಯಲ್ಲಿದ್ದ ಬಿರುಕಿನ ಮೂಲಕವೇ. ಆ ಆವೃತ್ತಿಯನ್ನು ಸಾಂಬಾ ಕೂಡ 2019ರಿಂದ ಮೊದಲಿಗೇ ಮುಚ್ಚಿಡುತ್ತದೆ. ಹಳೆಯ ಟಿವಿಯೊಂದು ಅದಿಲ್ಲದೆ ಸಿನಿಮಾ ತೋರಿಸಲೊಲ್ಲದೆಂದು ಮತ್ತೆ ತೆರೆಯುವವರಿದ್ದಾರೆ. ತೆರೆಯಬಾರದು.

ಇನ್ನು ಮುಕ್ತ ವ್ಯವಸ್ಥೆಗಳ ವಿಚಾರ. ಇವುಗಳಲ್ಲಿ ನನ್ನ ಮನಸ್ಸು ಮೊದಲು ಹೋಗುವುದು ಡೆಬಿಯನ್ ಕಡೆಗೆ. 1993ರಲ್ಲಿ ಇಯನ್ ಮರ್ಡಾಕ್ ಎಂಬ ತರುಣ ಆರಂಭಿಸಿದ, ಯಾವ ಕಂಪೆನಿಯ ಒಡೆತನಕ್ಕೂ ಒಳಪಡದೆ ಸ್ವಯಂಸೇವಕರ ಸಮೂಹವೇ ನಡೆಸಿಕೊಂಡು ಬಂದಿರುವ ಈ ಲಿನಕ್ಸ್ ಶಾಖೆ, ಸುಮಾರು ಎರಡು ವರ್ಷಗಳಿಗೊಮ್ಮೆ ಸ್ಥಿರ ಆವೃತ್ತಿಯೊಂದನ್ನು ಹೊರತರುತ್ತದೆ. ಹನ್ನೆರಡನೆಯದು 2023ರ ಜೂನಿನಲ್ಲಿಯೂ ಹದಿಮೂರನೆಯದು 2025ರ ಆಗಸ್ಟಿನಲ್ಲಿಯೂ ಬಂದವು. ದೀರ್ಘಾವಧಿಯ ಪೋಷಣೆಯೂ ಸೇರಿ ಪ್ರತಿಯೊಂದಕ್ಕೂ ಐದು ವರ್ಷಗಳ ರಕ್ಷಣೆಯುಂಟು. ಡೆಬಿಯನ್ನಿನ ತಂತ್ರಾಂಶಗಳು ಹಳಸಲೆಂಬ ಆಕ್ಷೇಪಣೆಯನ್ನು ಹೊಸತನ್ನು ಬಯಸುವವರು ಎಂದಿನಿಂದಲೂ ಎತ್ತುತ್ತ ಬಂದಿದ್ದಾರೆ, ಆಕ್ಷೇಪಣೆ ಸುಳ್ಳೂ ಅಲ್ಲ. ಆದರೆ ಸ್ಥಿರ ಆವೃತ್ತಿಯೊಂದು ಹೊರಟ ಮೇಲೆ ಅದರೊಳಗೆ ರಕ್ಷಣೆಯ ತಿದ್ದುಪಡಿಗಳಲ್ಲದೆ ಬೇರೇನೂ ಹೆಚ್ಚಾಗಿ ಬದಲಾಗದೆಂಬ ಈ ಗುಣವೇ, ತಿಂಗಳುಗಟ್ಟಲೆ ಯಾರೂ ಕಣ್ಣೆತ್ತಿ ನೋಡದ ಮೂಲೆಯ ಯಂತ್ರಕ್ಕೆ ಪರಮಗುಣವಾಗಿ ಪರಿಣಮಿಸುತ್ತದೆ. ಸ್ಥಾಪಿಸುವಾಗ ಅಲಂಕಾರದ ತೆರೆಯನ್ನೆಲ್ಲ ಬಿಟ್ಟು, ದೂರದಿಂದ ಆಜ್ಞೆ ಕೊಡಲು ಎಸ್‌ಎಸ್‌ಎಚ್, ಹಂಚಲು ಸಾಂಬಾ, ಡಿಸ್ಕಿನ ಆರೋಗ್ಯವನ್ನು ನೋಡಲು ಸ್ಮಾರ್ಟ್‌ಮಾನ್‌ಟೂಲ್ಸ್, ಇಷ್ಟನ್ನೇ ಹಾಕಿಕೊಂಡರೆ ಸಾಕು. ಸಾಂಬಾದ ಸಂರಚನೆಯ ಕಡತದಲ್ಲಿ ಮನೆಯ ಒಂದು ಫೋಲ್ಡರಿಗಾಗಿ ಸೇರಿಸಬೇಕಾದದ್ದು ನಾಲ್ಕಾರು ಸಾಲುಗಳು ಮಾತ್ರ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡುವುದೆಂದರೆ ಅನೇಕರಿಗೆ ಅಳುಕು. ಆದರೆ ಆ ಆಜ್ಞೆಗಳನ್ನು ಒಂದು ಹಾಳೆಯ ಮೇಲೆ ಬರೆದಿಡಬಹುದು, ಬರೆದದ್ದು ಹತ್ತು ವರ್ಷದ ತರುವಾಯವೂ ಬಹುಮಟ್ಟಿಗೆ ನಡೆಯುತ್ತದೆ. ಮೌಸಿನಿಂದ ಎಲ್ಲೆಲ್ಲಿ ಒತ್ತಿದೆವೆಂಬುದನ್ನು ಹಾಗೆ ಬರೆದಿಡುವುದು ಕಷ್ಟ, ಬರೆದಿಟ್ಟರೂ ಮುಂದಿನ ಆವೃತ್ತಿಯಲ್ಲಿ ಆ ಗುಂಡಿಗಳು ಇದ್ದಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಡೆಬಿಯನ್ ಬಳಸುವ ಎಕ್ಸ್‌ಟ್4 ಕಡತವ್ಯವಸ್ಥೆಯನ್ನು ಜಗತ್ತಿನ ಯಾವ ಲಿನಕ್ಸ್ ಯಂತ್ರವಾದರೂ ಓದಬಲ್ಲುದು. ಉಬುಂಟು ಡೆಬಿಯನ್ನಿನ ಸಂತತಿಯೇ ಆದುದರಿಂದ ಅದರ ದೀರ್ಘಾವಧಿ ಆವೃತ್ತಿಯನ್ನು ಆರಿಸಿದವರಿಗೂ ಈ ಮಾತುಗಳು ಬಹುಮಟ್ಟಿಗೆ ಸಲ್ಲುತ್ತವೆ.

ಎಕ್ಸ್‌ಟ್4ಕ್ಕೆ ಒಂದು ಅಶಕ್ತಿಯುಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಡಿಸ್ಕಿನ ಮೇಲೆ ಬರೆದ ಚಿತ್ರದ ಒಂದು ಬಿಟ್ ವರ್ಷಗಳ ಮೇಲೆ ಸದ್ದಿಲ್ಲದೆ ತಿರುಗಿಬಿದ್ದರೆ, ಡಿಸ್ಕು ಅದನ್ನು ದೋಷವೆಂದು ಹೇಳದೆ ಹೋದಲ್ಲಿ, ಎಕ್ಸ್‌ಟ್4 ಆ ಕೆಟ್ಟ ಚಿತ್ರವನ್ನೇ ವಿನಯದಿಂದ ಎತ್ತಿಕೊಡುತ್ತದೆ. ಬ್ಯಾಕಪ್ ಪ್ರತಿಗೂ ಅದೇ ಕೆಡುಕು ನಕಲಾಗುತ್ತದೆ. ಈ ವ್ಯಾಧಿಗೆ ಔಷಧಿಯಾಗಿ ಬಂದದ್ದು ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು 2001ರಲ್ಲಿ ಕೈಹಾಕಿ 2005ರಲ್ಲಿ ಲೋಕದ ಮುಂದಿಟ್ಟ ಈ ಕಡತವ್ಯವಸ್ಥೆ, ಬರೆದ ಪ್ರತಿಯೊಂದು ತುಣುಕಿಗೂ ಪರಿಶೀಲನಾಂಕವೊಂದನ್ನು ಬೇರೊಂದೆಡೆ ಬರೆದಿಟ್ಟು, ಓದುವಾಗಲೆಲ್ಲ ಹೋಲಿಸಿನೋಡಿ, ತಾಳೆಯಾಗದಿದ್ದಲ್ಲಿ ಜೋಡಿಯಾಗಿರುವ ಎರಡನೆಯ ಡಿಸ್ಕಿನಿಂದ ಸರಿಯಾದ ಪ್ರತಿಯನ್ನು ತಂದು ಕೆಟ್ಟದ್ದನ್ನು ತಾನೇ ಸರಿಪಡಿಸುತ್ತದೆ. ಇದ್ದ ದತ್ತಾಂಶದ ಮೇಲೆಯೇ ಬರೆಯದೆ ಹೊಸ ಜಾಗದಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ಹಳೆಯದನ್ನು ಬಿಡುವ ಅದರ ಕ್ರಮದಿಂದ ಇನ್ನೊಂದು ಮಹದುಪಕಾರವಾಯಿತು: ನಿನ್ನೆಯ, ಕಳೆದ ವಾರದ, ಕಳೆದ ತಿಂಗಳಿನ ಭಂಡಾರದ ಸ್ಥಿತಿಯನ್ನು ಹೆಚ್ಚಿನ ಜಾಗವನ್ನು ವ್ಯಯಮಾಡದೆ ಸ್ನ್ಯಾಪ್‌ಶಾಟುಗಳಾಗಿ ಉಳಿಸಿಕೊಳ್ಳಬಹುದು. ಮನೆಯ ಲ್ಯಾಪ್‌ಟಾಪೊಂದಕ್ಕೆ ಸುಲಿಗೆಯ ತಂತ್ರಾಂಶ ಹೊಕ್ಕು ಹಂಚಿದ ಫೋಲ್ಡರನ್ನೆಲ್ಲ ಕೆಡಿಸಿದರೂ, ಆ ಲ್ಯಾಪ್‌ಟಾಪಿಗೆ ಅಳಿಸುವ ಅಧಿಕಾರವಿಲ್ಲದ ಹಿಂದಿನ ಸ್ನ್ಯಾಪ್‌ಶಾಟಿನಿಂದ ಎಲ್ಲವನ್ನೂ ಹಿಂತಿರುಗಿಸಬಹುದು.

ಝಡ್‌ಎಫ್‌ಎಸ್‌ನ ಭಾಗ್ಯವೂ ವಿಚಿತ್ರವಾದುದು. 2010ರಲ್ಲಿ ಸನ್ ಕಂಪೆನಿ ಒರಾಕಲ್ ಕಂಪೆನಿಯ ಪಾಲಾಯಿತು, ಸನ್ ನಡೆಸುತ್ತಿದ್ದ ಓಪನ್ ಸೊಲಾರಿಸ್ ಎಂಬ ಮುಕ್ತ ವ್ಯವಸ್ಥೆ ನಿಂತುಹೋಯಿತು. ಆದರೆ ಮೂಲಸಂಕೇತ ಆ ವೇಳೆಗಾಗಲೇ ಬಹಿರಂಗವಾಗಿದ್ದುದರಿಂದ, 2013ರಲ್ಲಿ ಓಪನ್ ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಬೇರೆ ಕೈಗಳು ಅದನ್ನು ಎತ್ತಿಕೊಂಡವು. ಇಲ್ಲಿ ಒಡೆಯ ಹೋದರೂ ವಿದ್ಯೆ ಉಳಿಯಿತು. ಹೋಮ್ ಸರ್ವರಿನ ಗತಿ ಇದಕ್ಕೆ ಬರಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಪರಂಪರೆಗೆ ಸೇರಿದ ಫ್ರೀಬಿಎಸ್‌ಡಿ 2008ರಲ್ಲಿಯೇ ಇದನ್ನು ತನ್ನದಾಗಿಸಿಕೊಂಡಿತು. ಲಿನಕ್ಸಿನೊಡನೆ ಮಾತ್ರ ಅದರ ಸಂಬಂಧ ಇಂದಿಗೂ ಪೂರ್ಣ ಸೌಹಾರ್ದದ್ದಲ್ಲ. ಎರಡೂ ಮುಕ್ತವೇ, ಆದರೆ ಎರಡರ ಪರವಾನಗಿಯ ಷರತ್ತುಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದು ಅನೇಕ ವಿಧಿಜ್ಞರ ಅಭಿಪ್ರಾಯ. ಆದ್ದರಿಂದ ಡೆಬಿಯನ್ ಅದನ್ನು ತನ್ನ ಮುಖ್ಯ ಸಂಗ್ರಹದಲ್ಲಿ ಸೇರಿಸದೆ ಪಕ್ಕದ ಕೊಠಡಿಯಲ್ಲಿ ಇರಿಸಿದೆ, ಲಿನಕ್ಸಿನ ತಿರುಳಾದ ಕರ್ನೆಲ್ ಬದಲಾದಾಗಲೆಲ್ಲ ಅದು ನಮ್ಮ ಯಂತ್ರದಲ್ಲಿಯೇ ಮತ್ತೆ ಸಿದ್ಧವಾಗಬೇಕು. ಉಬುಂಟು 2016ರಿಂದ ಸಿದ್ಧರೂಪದಲ್ಲಿಯೇ ಕೊಡುತ್ತಿದೆ. ನಿರ್ಗಮನದ ಪ್ರಶ್ನೆಗೆ ಝಡ್‌ಎಫ್‌ಎಸ್‌ನ ಉತ್ತರ ತೃಪ್ತಿಕರವಾದುದೇ. ಫ್ರೀಬಿಎಸ್‌ಡಿಯಲ್ಲಿ ಕಟ್ಟಿದ ಡಿಸ್ಕುಗಳ ಸಮುಚ್ಚಯವನ್ನು ಲಿನಕ್ಸಿನಲ್ಲಿಯೂ ಅಲ್ಲಿಯದನ್ನು ಇಲ್ಲಿಯೂ ತೆರೆಯಬಹುದು, ಹೊಸ ಆವೃತ್ತಿಯ ಹೊಸ ಸೌಕರ್ಯಗಳನ್ನು ಒಮ್ಮೆ ಚಾಲನೆಗೊಳಿಸಿದ ಸಮುಚ್ಚಯವನ್ನು ಹಳೆಯ ಆವೃತ್ತಿ ತೆರೆಯದೆ ಹೋಗಬಹುದೆಂಬ ಎಚ್ಚರಿಕೆಯೊಡನೆ. ಸಮುಚ್ಚಯವನ್ನು ಮೇಲ್ದರ್ಜೆಗೇರಿಸಬಹುದೆಂದು ವ್ಯವಸ್ಥೆ ಆಗಾಗ ಸೂಚಿಸುತ್ತದೆ. ಅಗತ್ಯವಿಲ್ಲದೆ ಆ ಸೂಚನೆಗೆ ಓಗೊಡಬೇಕಾದ್ದಿಲ್ಲ.

ಇವನ್ನೆಲ್ಲ ಬ್ರೌಸರಿನೊಳಗಿನ ಸುಂದರವಾದ ಪುಟವೊಂದರಿಂದಲೇ ನಡೆಸುವಂತೆ ಮಾಡಿಕೊಟ್ಟ ವ್ಯವಸ್ಥೆಗಳೂ ಉಂಟು. ಫ್ರಾನ್ಸಿನ ಒಲಿವಿಯೇ ಕೊಷಾರ್ 2005ರಲ್ಲಿ ಫ್ರೀಬಿಎಸ್‌ಡಿಯ ಮೇಲೆ ಕಟ್ಟಿದ ಫ್ರೀನಾಸ್, ಮುಂದೆ ಐಎಕ್ಸ್‌ಸಿಸ್ಟಮ್ಸ್ ಕಂಪೆನಿಯ ಕೈಸೇರಿ ಟ್ರೂನಾಸ್ ಎಂಬ ಹೆಸರನ್ನು ತಳೆಯಿತು; 2022ರಲ್ಲಿ ಅದೇ ಕಂಪೆನಿ ಡೆಬಿಯನ್ನಿನ ಮೇಲೆ ಕಟ್ಟಿದ ಇನ್ನೊಂದು ಶಾಖೆಯನ್ನು ಹೊರತಂದು, ಕ್ರಮೇಣ ತನ್ನ ಒಲವನ್ನೆಲ್ಲ ಅತ್ತಲೇ ಹರಿಸಿತು. ತಳಹದಿಯೇ ಬದಲಾದರೂ ಬಳಕೆದಾರರ ಡಿಸ್ಕುಗಳು ಝಡ್‌ಎಫ್‌ಎಸ್ ರೂಪದಲ್ಲಿದ್ದುದರಿಂದ ಹಾಗೆಯೇ ದಾಟಿಬಂದವು. ಟ್ರೂನಾಸ್ ಬಲವಾದ ವ್ಯವಸ್ಥೆ. ಆದರೆ ಎಂಟು ಗಿಗಾಬೈಟು ಮೆಮೊರಿಯಿಂದ ಆರಂಭಿಸಿ ತನಗೇ ಮೀಸಲಾದ ಒಂದು ಡಿಸ್ಕನ್ನೂ ಅದು ಬಯಸುವುದರಿಂದ ಹಳೆಯ ಡೆಸ್ಕ್‌ಟಾಪಿನ ಮೇಲೆ ಅದನ್ನು ಹೇರುವ ಮೊದಲು ಯೋಚಿಸಬೇಕು. ಫೋಲ್ಕರ್ ಥೈಲೆ ಅವರು ಡೆಬಿಯನ್ನಿನ ಮೇಲೆ ಕಟ್ಟಿ 2011ರಲ್ಲಿ ಬಿಡುಗಡೆ ಮಾಡಿದ ಓಪನ್ ಮೀಡಿಯಾ ವಾಲ್ಟ್ ಇದಕ್ಕಿಂತ ಮಿತಾಹಾರಿ, ಕಪ್ಪು ಪರದೆಗೆ ಅಳುಕುವವರಿಗೆ ನಾನು ಹೇಳುವುದು ಅದನ್ನೇ. ಅನ್‌ರೇಡ್ ಹಣ ಕೊಟ್ಟು ಕೊಳ್ಳಬೇಕಾದ ವ್ಯವಸ್ಥೆ. ಆದರೂ ಅದರ ಸಾಂಪ್ರದಾಯಿಕ ಕ್ರಮದಲ್ಲಿ ಪ್ರತಿಯೊಂದು ಡಿಸ್ಕೂ ಸ್ವತಂತ್ರವಾಗಿ ಓದಲು ಬರುವಂತಿರುವುದು ಮೆಚ್ಚತಕ್ಕ ಗುಣ.

ಕನ್ನಡಿಗರಾದ ನಾವು ಮಾತ್ರ ಗಮನಿಸಬೇಕಾದ ಸಂಗತಿಯೊಂದುಂಟು, ಅದು ಇಂಗ್ಲಿಷಿನ ಕೈಪಿಡಿಗಳಲ್ಲಿ ದೊರೆಯಲಾರದು. ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡುವವರು ಈಗ ಅನೇಕರು. ಕಡತದ ಹೆಸರು ವಿಂಡೋಸಿನಲ್ಲಿ 255 ಸಂಕೇತಗಳವರೆಗೆ ಇರಬಹುದು. ಎಕ್ಸ್‌ಟ್4ರಲ್ಲಿಯೂ ಮಿತಿ 255ರದೇ, ಆದರೆ ಅದು ಬೈಟುಗಳ ಲೆಕ್ಕ. ಲಿನಕ್ಸಿನಲ್ಲಿ ರೂಢಿಯಾಗಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳನ್ನು ಹಿಡಿಯುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಮೂರು ವ್ಯಂಜನ, ಎರಡು ವಿರಾಮಚಿಹ್ನೆ, ಒಂದು ಸ್ವರಚಿಹ್ನೆ ಸೇರಿ 18 ಬೈಟುಗಳಾಗುತ್ತದೆ. ಹೀಗಾಗಿ 85 ಸಂಕೇತಗಳನ್ನು ಮೀರಿದ ಕನ್ನಡದ ಹೆಸರು ವಿಂಡೋಸಿನಲ್ಲಿ ಸುಖವಾಗಿದ್ದು ಸರ್ವರಿಗೆ ನಕಲಾಗುವಾಗ ನಿರಾಕೃತವಾಗುತ್ತದೆ. ಲೇಖನದ ಮೊದಲ ವಾಕ್ಯವನ್ನೇ ಕಡತದ ಹೆಸರಾಗಿ ಉಳಿಸುವ ಅಭ್ಯಾಸವಿರುವವರು ಇದನ್ನು ನೆನಪಿನಲ್ಲಿಡಬೇಕು. ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ತೋ’ ಎಂಬಲ್ಲಿಯ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘ ಎಂಬ ಮೂರು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ. ಆಪಲ್ ಕಂಪೆನಿಯ ಹಳೆಯ ಕಡತವ್ಯವಸ್ಥೆ ಬಿಡಿಸಿದ ರೂಪವನ್ನೂ ವಿಂಡೋಸಿನ ಕೀಲಿಮಣೆ ಸಾಮಾನ್ಯವಾಗಿ ಕೂಡಿಸಿದ ರೂಪವನ್ನೂ ಬಳಸುತ್ತವೆ. ಲಿನಕ್ಸ್ ಬೈಟುಗಳನ್ನಷ್ಟೇ ಹೋಲಿಸಿನೋಡುವುದರಿಂದ, ಹಳೆಯ ಮ್ಯಾಕಿನ ಡಿಸ್ಕಿನಿಂದ ನೇರವಾಗಿ ನಕಲಾದ ‘ತೋಟ’ವೂ ವಿಂಡೋಸಿನಿಂದ ಬಂದ ‘ತೋಟ’ವೂ ಅವಳಿಗಳಂತೆ ಅಕ್ಕಪಕ್ಕದಲ್ಲಿ ಕುಳಿತು, ಒಂದನ್ನು ಹುಡುಕಿದರೆ ಇನ್ನೊಂದು ಸಿಗದಂತಾಗುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಎರಡನ್ನೂ ಒಂದೆಂದೇ ಭಾವಿಸುವಂತೆ ವಿಧಿಸುವ ಅನುಕೂಲವುಂಟು, ಆದರೆ ಆ ವಿಧಿಯನ್ನು ಕಡತವ್ಯವಸ್ಥೆಯ ಸೃಷ್ಟಿಯ ವೇಳೆಯಲ್ಲಿಯೇ ಮಾಡಬೇಕು, ಅನಂತರ ಸಾಧ್ಯವಿಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. ವರ್ಷವಿಡೀ ಉರಿಯುವ ಯಂತ್ರದಲ್ಲಿ ಒಂದೊಂದು ವ್ಯಾಟಿಗೂ ವರ್ಷಕ್ಕೆ 8.76 ಯೂನಿಟ್ ಖರ್ಚು. ಸುಮ್ಮನೆ ಕುಳಿತಿರುವಾಗಲೂ 40 ವ್ಯಾಟ್ ನುಂಗುವ ಹಳೆಯ ಡೆಸ್ಕ್‌ಟಾಪ್ ತಿಂಗಳಿಗೆ ಸುಮಾರು 29 ಯೂನಿಟ್ ಸೇರಿಸುತ್ತದೆ, ಹತ್ತು ವ್ಯಾಟಿನ ಪುಟ್ಟ ಪೆಟ್ಟಿಗೆಯಾದರೆ ಏಳೆಂಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಸಂಸಾರಕ್ಕೆ ಈ ವ್ಯತ್ಯಾಸ ಅಲ್ಪವಲ್ಲ. ಅದಕ್ಕಿಂತ ಮಿಗಿಲಾದದ್ದು ವಿದ್ಯುತ್ತು ಹೋಗುವ ಗಳಿಗೆ. ಮಳೆಗಾಲದ ಮಲೆನಾಡಿನಲ್ಲಿ ದಿನಕ್ಕೆ ಹಲವು ಬಾರಿ ಹೋಗಿಬರುವ ಕರೆಂಟಿನೆದುರು, ಬರೆಯುತ್ತಿದ್ದಂತೆಯೇ ಪ್ರಾಣ ಹೋದರೂ ಹಿಂದಿನ ಸುಸಂಗತ ಸ್ಥಿತಿಗೆ ಮರಳುವ ಝಡ್‌ಎಫ್‌ಎಸ್ ಉಳಿದವಕ್ಕಿಂತ ಧೈರ್ಯಶಾಲಿ. ಎಕ್ಸ್‌ಟ್4 ಕೂಡ ಜರ್ನಲ್ ಎಂಬ ತನ್ನ ದಿನಚರಿಯ ಬಲದಿಂದ ಬಹುಮಟ್ಟಿಗೆ ಎದ್ದುನಿಲ್ಲುತ್ತದೆ. ಇನ್ವರ್ಟರ್ ಇದ್ದವರು ಅದರ ಗುಂಡಿಯನ್ನು ಯುಪಿಎಸ್ ಕ್ರಮದಲ್ಲಿ ಇರಿಸಬೇಕು, ಇಲ್ಲವಾದರೆ ಬದಲಾವಣೆಯ ಕ್ಷಣಾರ್ಧದಲ್ಲಿ ಕಂಪ್ಯೂಟರ್ ಆರಿಹೋಗಬಹುದು. ಯುಎಸ್‌ಬಿ ತಂತಿಯಿರುವ ಚಿಕ್ಕ ಯುಪಿಎಸ್ ಇದ್ದರೆ ನಟ್ ಎಂಬ ತಂತ್ರಾಂಶ ಬ್ಯಾಟರಿ ಮುಗಿಯುವ ಮುನ್ನವೇ ಸರ್ವರನ್ನು ಮರ್ಯಾದೆಯಿಂದ ಮಲಗಿಸುತ್ತದೆ. ಡೆಬಿಯನ್, ಟ್ರೂನಾಸ್, ಓಪನ್ ಮೀಡಿಯಾ ವಾಲ್ಟ್ ಮೂರರಲ್ಲಿಯೂ ಅದು ಲಭ್ಯ.

ಎರಡು ಡಿಸ್ಕುಗಳನ್ನು ಜೋಡಿಸಿಟ್ಟ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ತಿಳಿಯಬಾರದು. ಅಳಿಸಿದ ಕಡತ ಎರಡರಲ್ಲಿಯೂ ಏಕಕಾಲಕ್ಕೆ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಸುಡುತ್ತವೆ. ಬೇರೆ ಊರಿನ ನೆಂಟರ ಮನೆಯ ಬೀರುವಿನಲ್ಲಿ ಒಂದು ಯುಎಸ್‌ಬಿ ಡಿಸ್ಕು ಇರಲಿ, ಹಬ್ಬಕ್ಕೆ ಹೋದಾಗ ಅದನ್ನು ತಂದು ಇನ್ನೊಂದನ್ನಿಟ್ಟು ಬಂದರಾಯಿತು.

ಆಯ್ಕೆಯನ್ನು ನನಗೇ ಬಿಟ್ಟರೆ ಒಂದೇ ಡಿಸ್ಕು, ನಾಲ್ಕು ಗಿಗಾಬೈಟು ಮೆಮೊರಿ ಇರುವ ಹಳೆಯ ಯಂತ್ರಕ್ಕೆ ಡೆಬಿಯನ್ ಮತ್ತು ಎಕ್ಸ್‌ಟ್4; ಎರಡು ಸಮಾನ ಡಿಸ್ಕುಗಳು, ಎಂಟು ಗಿಗಾಬೈಟು ಮೆಮೊರಿ ಇದ್ದರೆ ಉಬುಂಟು ದೀರ್ಘಾವಧಿ ಆವೃತ್ತಿಯ ಮೇಲೆ ಝಡ್‌ಎಫ್‌ಎಸ್ ಜೋಡಿ. ಗುಪ್ತಪದವಿಲ್ಲದ ಅತಿಥಿಪ್ರವೇಶದ ಆಸೆ ಬೇಡ. ವಿಂಡೋಸ್ 11ರ 2024ರ ಆವೃತ್ತಿಯಿಂದೀಚೆಗೆ ಅಂತಹ ಹಂಚಿಕೆಗಳು ಸಾಮಾನ್ಯವಾಗಿ ತೆರೆಯುವುದೇ ಇಲ್ಲವಾದುದರಿಂದ ಮನೆಯ ಪ್ರತಿಯೊಬ್ಬರಿಗೂ ಸಾಂಬಾದಲ್ಲಿ ಒಂದೊಂದು ಹೆಸರು ಇರತಕ್ಕದ್ದು. ಎಲ್ಲವೂ ಸಿದ್ಧವಾದ ಮೇಲೆ, ಮೂಲಪ್ರತಿಗಳಲ್ಲಿ ಒಂದನ್ನೂ ಅಳಿಸುವ ಮುನ್ನ, ಸರ್ವರನ್ನು ನಿಲ್ಲಿಸಿ ಒಂದು ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ತಂತಿಯಿಂದ ಬೇರೊಂದು ಲ್ಯಾಪ್‌ಟಾಪಿಗೆ ಜೋಡಿಸಿ, ಉಬುಂಟುವಿನ ಪೆನ್‌ಡ್ರೈವಿನಿಂದ ಆ ಲ್ಯಾಪ್‌ಟಾಪನ್ನು ಎಬ್ಬಿಸಿ, ಕಡತಗಳು ತೆರೆಯುತ್ತವೆಯೇ ಎಂದು ನೋಡಬೇಕು. ಈ ಪರೀಕ್ಷೆಯನ್ನು ಸರ್ವರ್ ಕಟ್ಟಿದವರು ಮಾಡಕೂಡದು. ಕಂಪ್ಯೂಟರಿನಲ್ಲಿ ಅಷ್ಟಾಗಿ ಆಸಕ್ತಿಯಿಲ್ಲದ ಮನೆಯ ಇನ್ನೊಬ್ಬರು, ಆಜ್ಞೆಗಳನ್ನೂ ಗುಪ್ತಪದಗಳನ್ನೂ ಕನ್ನಡದಲ್ಲಿ ಬರೆದಿಟ್ಟ ಹಾಳೆಯನ್ನಷ್ಟೇ ನೋಡಿಕೊಂಡು ಮಾಡಬೇಕು. ಅವರು ತಡವರಿಸಿದಲ್ಲಿ ಬಾಯಲ್ಲಿ ಹೇಳಿಕೊಡದೆ ಹಾಳೆಯನ್ನು ತಿದ್ದಬೇಕು. ಎಷ್ಟು ತಿದ್ದಿದರೂ ಸಾಗದಿದ್ದರೆ ಇನ್ನೂ ಸರಳವಾದ ವ್ಯವಸ್ಥೆಯನ್ನು ಹಾಕಿ ಮೊದಲಿನಿಂದ ಆರಂಭಿಸಲು ಆಗ ಇನ್ನೂ ಅವಕಾಶವಿದೆ.